ಮಾದವ್ವನ ಮಣ್ಣುಂಡೆ

ನಮ್ಮ ದೊಡ್ಡವ್ವ ಮಾದವ್ವ ಕವಣೆ ಬೀಸಿದರೆ ಸದ್ದು ಮೂರು ಹೊಲದಾಚೆ ಕೇಳುತ್ತಿತ್ತು. ಮಾರಂಡಹಳ್ಳಿ ಸುತ್ತಮುತ್ತ ಅವಳಂಥ ಗುರಿಗಾರ್ತಿ ಇರಲಿಲ್ಲ. ಆದರೆ ಇಡೀ ಆಯುಷ್ಯದಲ್ಲಿ ಒಂದು ಗುಬ್ಬಿಗೂ ಅವಳ ಏಟು ತಾಗಿದ್ದನ್ನು ಕಂಡವರಿಲ್ಲ.

ಎಲ್ಲರೂ ಕವಣೆಗೆ ಕಲ್ಲಿಟ್ಟರೆ ಇವಳು ಮಣ್ಣುಂಡೆ ಇಡುತ್ತಿದ್ದಳು. ಕೆರೆಮಣ್ಣಿಗೆ ಹೊಟ್ಟು ಕಲಸಿ, ಉಂಡೆ ಕಟ್ಟಿ, ಬದುವಿನ ಮೇಲೆ ಸಾಲಾಗಿ ಒಣಗಿಸುತ್ತಿದ್ದಳು. ಉಂಡೆ ತೆನೆಗಳ ಪಕ್ಕ ಬಿದ್ದು ಪುಡಿಯಾಗುತ್ತಿತ್ತು, ಹಕ್ಕಿ ಹೆದರಿ ಏಳುತ್ತಿತ್ತು, ಅಷ್ಟೆ. ಹಾಗಂತ ಹಕ್ಕಿ ಕಂಡರೆ ಕರಗುವ ಹೆಂಗಸಲ್ಲ ಅವಳು. ಗಿಳಿಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. "ಎದ್ದೋಗ್ರಿ ಮುಂಡೇವಾ, ನಿಮ್ಮಪ್ಪ ಬಿತ್ತಿದ್ನಾ ಸಜ್ಜೇನಾ?" ಎಂದು ಅವಳು ಅಟ್ಟಣೆ ಮೇಲಿಂದ ಕೂಗಿದರೆ ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು.

ಅವಳ ಮೈದುನ ಮುನಿಯಪ್ಪನ ಹೊಲ ಪಕ್ಕದ್ದೇ. ತೊಂಬತ್ತರ ದಶಕದ ಶುರುವಿನ ಒಂದು ವರ್ಷ, ಸಜ್ಜೆ ಹಾಲುಗಾಳು ಕಟ್ಟುವ ಹೊತ್ತಿಗೆ, ಅವನು ಕಾಳಿಗೆ ಪೂಚಿಮರುಂದು, ಅಂದರೆ ಹುಳ ಸಾಯಿಸುವ ವಿಷದ ಔಷಧಿ, ಕಲಸಿ ತನ್ನ ಬದುವಿನುದ್ದಕ್ಕೂ ಚೆಲ್ಲಿದ. ಬೆಳಗಾಗುವಷ್ಟರಲ್ಲಿ ಹೊಂಗೆಮರದ ಕೆಳಗೆ ಗೊರವಂಕಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ದೊಡ್ಡವ್ವ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು ಹೋಗಿ, ಮುದ್ದೆ ಉಣ್ಣುತ್ತಿದ್ದ ಅವನ ಮುಂದೆ ಜಗಲಿ ಮೇಲೆ ಒಂದೊಂದಾಗಿ ಇಟ್ಟಳು. ಸೇಲಂನಿಂದ ರಜೆಗೆ ಬಂದಿದ್ದ ನಾನು ಅವಳ ಹಿಂದೆಯೇ ಇದ್ದೆ.

"ಓದ್ ತಿಂಗ್ಳು ನಿನ್ನ ಅವರೆ ಸಾಲ್ನಾಗೆ ಉಳ ಎಕ್ತಿದ್ದೋವು ಇವೇ. ಗುರುತು ಸಿಕ್ತಾ?" ಎಂದಳು.

ಮುನಿಯಪ್ಪ ಕೈ ತೊಳೆದುಕೊಂಡ. "ತೆನೆ ಉಳೀಬೇಕಲ್ಲ ಅತ್ತಿಗೆ. ನೀನು ಬಂದು ಕಾಯ್ತೀಯಾ?"

"ಕಾಯ್ತೀನಿ. ಬದಿನಾಗಿರೋ ಕಾಳೆಲ್ಲ ಗುಡ್ಸಿ ಊತಾಕು."

ಮುನಿಯಪ್ಪ ಕಾಳು ಗುಡಿಸಿ ಹೂತ, ಮರುಂದಿನ ಡಬ್ಬವನ್ನು ಮನೆಯಲ್ಲೇ ಇಟ್ಟುಕೊಂಡ. ಮಾರನೆ ಬೆಳಗಿನಿಂದ ಅವಳು ಕಾದದ್ದು ಅವನ ಹೊಲವನ್ನು. ಅವನ ಸಜ್ಜೆಯಿಂದ ಎದ್ದ ಹಿಂಡು ಬೇರೆಲ್ಲಿಗೆ ಹೋಗಬೇಕು? ಸೀದಾ ಇವಳ ಹೊಲಕ್ಕೇ ಇಳಿಯುತ್ತಿತ್ತು. ಊರೆಲ್ಲ ಆಡಿಕೊಂಡು ನಕ್ಕಿತು. ಊರ ಉಸಾಬರಿ ನಮಗ್ಯಾಕೆ, ಅವನ ಪಾಪ ಅವನಿಗೆ ಎಂದು ನಾನೂ ಬುದ್ಧಿ ಹೇಳಲು ಹೋದೆ. ಪೋಸ್ಟಾಫೀಸಿನಲ್ಲಿ ಮುದ್ರೆ ಒತ್ತುವವನ ಬುದ್ಧಿ ಅದು. ಅವಳು ಕವಣೆ ಕೆಳಗಿಟ್ಟು ನನ್ನತ್ತ ತಿರುಗಿದಳು.

"ನನ್ನೊಲಕ್ಕೆ ಬಿದ್ರೆ ನನ್ನ ಸಜ್ಜೆ ಓಯ್ತದೆ. ಅವನೊಲಕ್ಕೆ ಬಿದ್ರೆ ಅವುಗಳ ಪ್ರಾಣ ಓಯ್ತದೆ. ಯಾವ್ದು ಎಚ್ಚು ಯೋಳ್ಲಾ, ಓದಿದೋನು ನೀನು."

ಬುದ್ಧಿ ಹೇಳಲು ಹೋದ ನಾಚಿಕೆ ನನಗೆ ಇವತ್ತಿಗೂ ಇದೆ.

ಆ ಸಲ ಅವಳ ಕಾಳು ತುಂಬಿಡುವ ವಾಡೆ ಅರ್ಧವೂ ತುಂಬಲಿಲ್ಲ. ಮುನಿಯಪ್ಪನ ಮನಸ್ಸು ಚುಚ್ಚಿತೋ ಏನೋ, ಒಂದು ಮೂಟೆ ಸಜ್ಜೆ ಕಳಿಸಿದ. ಅವಳು ಬಾಗಿಲಿಂದಲೇ ವಾಪಸ್ ಕಳಿಸಿ, ಮೂಟೆ ಬೇಡ, ಆ ಮರುಂದು ಡಬ್ಬ ಕೊಡು ಎಂದು ಹೇಳಿಸಿದಳು. ಡಬ್ಬ ಮಾತ್ರ ಅವನು ಕೊಡಲಿಲ್ಲ. ಅವನು ಕೊಡಲಿಲ್ಲವೆಂದು ಇವಳು ಅಟ್ಟಣೆ ಬಿಡಲಿಲ್ಲ. ಹೀಗೇ ಐದಾರು ಸುಗ್ಗಿ ಕಳೆಯಿತು.

ಕೊನೆಯ ಸಲ ನೋಡಿದಾಗ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು. ಅಟ್ಟಣೆ ಹತ್ತಲಾರದೆ ಬದುವಿನ ಮೇಲೆ ಕೂತು ಎಡಗೈಯಲ್ಲಿ ಉಂಡೆ ಎಸೆಯುತ್ತಿದ್ದಳು. ಉಂಡೆ ಹತ್ತು ಮಾರೂ ಹೋಗುತ್ತಿರಲಿಲ್ಲ. ಗಿಳಿಗಳು ಕತ್ತೆತ್ತಿಯೂ ನೋಡುತ್ತಿರಲಿಲ್ಲ. ಮನೆಗೆ ಹೋಗೋಣ ಬಾ ಎಂದೆ. "ಒಂದು ಕೈ ಐತಲ್ಲ, ಬಾಯೂ ಐತೆ" ಎಂದು ಗಿಳಿಗಳಿಗೆ ಹೊಸದೊಂದು ಬೈಗುಳ ಕೊಟ್ಟಳು.

ಅವಳು ತೀರಿಕೊಂಡ ವರ್ಷ ಸಜ್ಜೆ ತೆನೆ ಬಂದಾಗ ಎರಡು ದಿನ ರಜೆ ಹಾಕಿ ಹೋದೆ. ಮುನಿಯಪ್ಪ ಬದುವಿನ ಮೇಲೆ ನಿಂತಿದ್ದ, ಡಬ್ಬ ಕಾಲ ಬಳಿಯಲ್ಲಿತ್ತು. ಮುಚ್ಚಳ ಇನ್ನೂ ತೆಗೆದಿರಲಿಲ್ಲ.

"ಇನ್ಯಾರು ಕಾಯ್ತಾರಪ್ಪ? ನೀನು ಕಾಯ್ತೀಯಾ?" ಎಂದ.

ಕಾಯ್ತೀನಿ ಎಂದೆ. ಪೋಸ್ಟ್‌ಮಾಸ್ಟರು ಏನಾದರೂ ಅಂದುಕೊಳ್ಳಲಿ, ಇನ್ನೂ ಹದಿನೈದು ದಿನ ರಜೆಗೆ ಬರೆದು ಕಳಿಸಿದರಾಯಿತು. ದೊಡ್ಡವ್ವನ ಕವಣೆ ತಂದು, ಮಣ್ಣು ಕಲಸಿ, ಉಂಡೆ ಕಟ್ಟಿ, ಅಟ್ಟಣೆ ಹತ್ತಿ ಬೀಸಿದೆ. ಉಂಡೆ ಕವಣೆಗೇ ಅಂಟಿಕೊಂಡು ಸುತ್ತಿ ಬಂದು ನನ್ನ ಬೆನ್ನಿಗೇ ಬಡಿಯಿತು. ಗಿಳಿಗಳು ಆರಾಮಾಗಿ ತಿನ್ನುತ್ತಿದ್ದವು. ಹೋಗ್ರಿ ಮುಂಡೇವಾ ಎಂದು ನಾನೇ ಕೂಗಿದೆ.

ಮುನಿಯಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಡಬ್ಬವನ್ನು ಅಲ್ಲೇ ಬಿಟ್ಟು ಬಂದು, ಅಟ್ಟಣೆ ಕೆಳಗೆ ಕುಕ್ಕರುಗಾಲಲ್ಲಿ ಕೂತು, ನನ್ನ ಉಂಡೆಗಳನ್ನು ಒಂದೊಂದಾಗಿ ಬಿಸಿಲಿಗೆ ತಿರುಗಿಸಿ ಇಡತೊಡಗಿದ.

"ಅಸಿ ಐತೆ ಕಣ್ಲಾ. ಅತ್ತಿಗೆ ಮಧ್ಯಾನಗಂಟ ಒಣಗಾಕ್ತಿದ್ಲು."