ಮೇಲ್ಮನೆ ಅಜ್ಜಿಯ ಒಂಟಿ ಬೂಟು

ಅಜ್ಜಿ ನಮ್ಮ ಗೇಟಿನ ಮುಂದೆ ಆಟೋದಿಂದ ಇಳಿದಾಗ ಬಿಸಿಲಿಗೆ ಮುಖ ಬೆಂದ ಬೀಟ್‌ರೂಟಿನಂತಾಗಿತ್ತು. ಕಂಕುಳಲ್ಲಿ ಮೊಣಕಾಲುದ್ದದ ದಪ್ಪ ಉಣ್ಣೆ ಬೂಟು, ಒಂದೇ ಕಾಲಿನದು. ಉಕ್ರೇನಿನ ಅವರ ಪುಟ್ಟ ಹಳ್ಳಿಯ ಮೇಲೆ ಶೆಲ್ ಬೀಳತೊಡಗಿದಾಗ ಒಂದು ಕಾಲಿಗೆ ಇದನ್ನೂ ಇನ್ನೊಂದಕ್ಕೆ ಕೈಗೆ ಸಿಕ್ಕ ರಬ್ಬರ್ ಬೂಟನ್ನೂ ತೊಟ್ಟು ವ್ಯಾನು ಹತ್ತಿದವರಂತೆ. ಯೋಗ ಕಲಿಯಲು ಬಂದ ಅವರ ಮಗಳು ಒಂಟಿಕೊಪ್ಪಲಿನ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದಳು. ತಾಯಿಯನ್ನು ಇಲ್ಲಿಗೇ ಕರೆಸಿಕೊಂಡಳು.

ಮೊಟ್ಟೆ ಬೇಯಿಸಿದ ಪಾತ್ರೆ ಕೆಳಗೆ ತರಕೂಡದೆಂದು ಷರತ್ತು ಹಾಕಿದ್ದ ನನ್ನ ಅಮ್ಮನನ್ನು ಅಜ್ಜಿ ಸಬ್ಬಸಿಗೆ ಸೊಪ್ಪಿನಿಂದಲೇ ಗೆದ್ದರು. ಸಾರಿಗೆ, ಆಲೂಗಡ್ಡೆಗೆ, ಮೊಸರಿಗೆ, ಎಲ್ಲಕ್ಕೂ ಅದೇ ಸೊಪ್ಪು. "ನಮ್ಮೋರೇ ಕಣೇ, ಸಬ್ಬಸಿಗೆ ತಿಂತಾರೆ," ಎಂದು ಅಮ್ಮ ತೀರ್ಪು ಕೊಟ್ಟಳು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಜಗಳ ಕೂಡ ಆಡುತ್ತಿದ್ದರು, ಯಾವುದಕ್ಕೆ ಎಂದು ನನಗಂತೂ ತಿಳಿಯಲಿಲ್ಲ.

ಆದರೆ ಅಮ್ಮ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಮೇಲೆ ಹೋಗಿ ಫೋನು ಹಿಡಿಯುತ್ತಿದ್ದರು. ಕರೆ ಹೋಗುತ್ತಿದ್ದುದು ಹಳ್ಳಿಯ ಅವರದೇ ಮನೆಯ ಲ್ಯಾಂಡ್‌ಲೈನಿಗೆ. ಆ ಮನೆಯಲ್ಲಿ ಯಾರೂ ಇರಲಿಲ್ಲ, ಊರಿಗೆ ಊರೇ ಖಾಲಿಯಾಗಿತ್ತು. ಹೆಬ್ಬಾಳದಿಂದ ಶಿಫ್ಟ್ ಮುಗಿಸಿ ಬಂದ ನಾನು ಒಣಗಿದ ಬಟ್ಟೆ ತರಲು ಮಹಡಿ ಹತ್ತಿದರೆ ಸ್ಪೀಕರಿನಲ್ಲಿ ಆ ರಿಂಗು ಕೇಳುತ್ತಿತ್ತು. ಸಾವಿರಾರು ಮೈಲಿ ಆಚೆಯ ಕತ್ತಲೆ ಕೋಣೆಯಲ್ಲಿ ಅದು ಬಡಿದುಕೊಳ್ಳುವುದನ್ನು ನೆನೆದು ಬೇಗ ಬೇಗ ಬಟ್ಟೆ ಎಳೆದುಕೊಂಡು ಇಳಿದುಬಿಡುತ್ತಿದ್ದೆ.

ಮಗಳೇ ಒಂದು ದಿನ ಸಂಕೋಚದಿಂದ ವಿಷಯ ಹೇಳಿದಳು. ಅವರ ಕಡೆ ಪ್ರತಿ ಮನೆಯ ಒಲೆಯ ಹಿಂದೆ ಕಣ್ಣಿಗೆ ಕಾಣದ ಹಿರಿಯನೊಬ್ಬ ಇರುತ್ತಾನಂತೆ. ಮನೆ ಬಿಡುವಾಗ ಹಳೆಯ ಬೂಟೊಂದನ್ನು ನೆಲಕ್ಕಿಟ್ಟು ಬಾ ಎಂದು ಕರೆಯಬೇಕು, ಅವನು ಅದರೊಳಗೆ ಕೂತು ಜೊತೆಗೆ ಬರುತ್ತಾನೆ. ಅವಸರದಲ್ಲಿ ಅಜ್ಜಿ ಕರೆಯುವುದನ್ನೇ ಮರೆತಿದ್ದರು. ಹಸುವಿಗೆ, ಹೊಲಕ್ಕೆ ಅಳದ ಹೆಂಗಸು ಇದೊಂದಕ್ಕೆ ರಾತ್ರಿಯ ಊಟ ಬಿಟ್ಟಿದ್ದರು.

ಅವನಿಗೆ ಫೋನು ಎತ್ತಲು ಬರುತ್ತದೆಯೇ ಎಂದು ನಾನು ರೇಗಿಸಿದೆ. ಮಗಳು ಅದನ್ನು ಅವರ ಭಾಷೆಗೆ ತಿರುಗಿಸಿದಳು. ಅಜ್ಜಿ ನಗಲಿಲ್ಲ. ಎತ್ತುವುದು ಬೇಡ, ತಾವು ಮರೆತಿಲ್ಲವೆಂದು ಅವನಿಗೆ ಗೊತ್ತಾದರೆ ಸಾಕು ಎಂದರಂತೆ.

ಒಂದು ಸಂಜೆ ರಿಂಗು ನಡುವೆಯೇ ನಿಂತಿತು. ಯಾರೋ ಎತ್ತಿದ್ದರು. ನಾನು ಬಟ್ಟೆ ಹೊತ್ತುಕೊಂಡು ಬಾಗಿಲಲ್ಲೇ ಇದ್ದೆ. ಮಾತಿಲ್ಲ. ಹಲಗೆ ನೆಲದ ಮೇಲೆ ಏನೋ ಎಳೆದ ಸದ್ದು, ಆಮೇಲೆ ತೀರ ಹತ್ತಿರದಲ್ಲಿ ಒಂದು ಉಸಿರು. ಮಗಳು ಬಿಳುಚಿಕೊಂಡು, ಸೈನಿಕರಿರಬಹುದು ಎಂದು ನನಗೆ ಪಿಸುಗುಟ್ಟಿ, ಕಟ್ ಮಾಡು ಎಂದು ತಾಯಿಗೆ ಸನ್ನೆ ಮಾಡಿದಳು. ಅಜ್ಜಿ ಬೂಟನ್ನು ಫೋನಿನ ಮುಂದಿಟ್ಟು, ಮಂಡಿಯೂರಿ, ಮುನಿಸಿಕೊಂಡವರನ್ನು ಊಟಕ್ಕೆ ಎಬ್ಬಿಸುವ ದನಿಯಲ್ಲಿ ಏನೋ ಹೇಳಿದರು. ಉಸಿರು ನಿಂತಿತು. ಕರೆ ಕಡಿಯಿತು. ಮಾರನೆಯ ದಿನದಿಂದ ಆ ನಂಬರಿಗೆ ರಿಂಗೇ ಆಗಲಿಲ್ಲ.

ಕಳ್ಳನೋ, ಸೈನಿಕನೋ, ನನಗೆ ಗೊತ್ತಿಲ್ಲ. ಅಜ್ಜಿ ಮಾತ್ರ ಅಂದು ಹೊಟ್ಟೆ ತುಂಬ ಉಂಡರು. ಬೂಟು ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿತು, ಪಕ್ಕದಲ್ಲಿ ಒಂದು ಬಟ್ಟಲು ಹಾಲು. ಆಮೇಲೆ ತಾಯಿ ಮಗಳಿಬ್ಬರೂ ಹೊರಗೆ ಹೋದಾಗಲೂ ಮಹಡಿಯಲ್ಲಿ ಯಾರೋ ಕುಂಟಿ ನಡೆದ ಸದ್ದಾಗುತ್ತಿತ್ತು. ನೀರಿನ ಪೈಪು ಎಂದೆ ನಾನು. "ಪೈಪಿಗೆ ಕಾಲಿರುತ್ತೇನೇ?" ಎಂದಳು ಅಮ್ಮ.

ಕಳೆದ ಚಳಿಗಾಲದಲ್ಲಿ ಅಜ್ಜಿ ನಿದ್ದೆಯಲ್ಲೇ ತೀರಿಕೊಂಡರು. ಮಗಳು ಅತ್ತು ಅತ್ತು, ಒಂದೇ ಸೂಟ್‌ಕೇಸು ಹಿಡಿದು ಬೇರೆ ದೇಶದ ಗೆಳತಿಯ ಬಳಿಗೆ ಹೊರಟುಹೋದಳು. ಕಸ ಗುಡಿಸಲೆಂದು ನಾನು ಮೇಲೆ ಹೋದರೆ ಬೂಟು ಸಿಲಿಂಡರಿನ ಹಿಂದೆಯೇ ಇತ್ತು. ಮಗಳಿಗೆ ಫೋನು ಮಾಡಿದೆ. ಅವನನ್ನು ಕರೆದುಕೊಂಡು ಹೋಗಲು ತನಗೇ ಮನೆಯಿಲ್ಲ ಎಂದಳು.

ಆ ಸಂಜೆ ಖಾಲಿ ಮಹಡಿಯಲ್ಲಿ ಮತ್ತೆ ಸದ್ದಾಯಿತು, ಬಾಗಿಲಿನವರೆಗೆ ಬಂದು ನಿಂತಿತು. ದೀಪ ಹಚ್ಚುತ್ತಿದ್ದ ಅಮ್ಮ ಹಣೆಯ ವಿಭೂತಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ನಾನೂ ಹಿಂದೆ ಹೋದೆ. ಅಮ್ಮ ಬೂಟನ್ನು ಕೋಣೆಯ ನಡುವೆ ಇಟ್ಟಳು.

"ಬಾರಪ್ಪ ಕೆಳಕ್ಕೆ. ಒಬ್ನೇ ಎಷ್ಟು ದಿನಾಂತ ಇರ್ತೀಯ? ಅಜ್ಜಿ ಕರ್ದಂಗೇ ಅನ್ಕೊಂಡು ಬಂದ್ಬುಡು."

ಸ್ವಲ್ಪ ಹೊತ್ತು ಕಾದು, ಎತ್ಕೊಳೇ ಎಂದು ನನಗೆ ಹೇಳಿದಳು. ಎತ್ತಿಕೊಂಡೆ. ಇಡೀ ಮೆಟ್ಟಿಲು ಅದು ಓರೆಯಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇಳಿದೆ.