ಕಳಚಿದ್ದನ್ನು ಎಸೆಯದ ಇರ್ಯಾ

ಬೆಳಗಿನ ಆರು ಗಂಟೆ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಫಿನ್ಲೆಂಡಿನ ಕಾಯ್ನೂ ಸೀಮೆಯಲ್ಲಿ, ಕಾಡಿನಂಚಿನ ಷೆಡ್ಡೊಂದರೊಳಗೆ, ಮೆಕ್ಯಾನಿಕ್ ಇರ್ಯಾ ಹೇಯ್ಕುರ, ಮರದ ದಿಮ್ಮಿ ಸಾಗಿಸುವ ಲಾರಿಯೊಂದರ ಎಂಜಿನ್ನಿಗೆ ಬಾಗಿದ್ದಾರೆ. ಬೆನ್ನ ಹಿಂದೆ ಲಾರಿಯ ಮಾಲೀಕ ಓಸ್ಮೊ ಕೈಕಟ್ಟಿ ನಿಂತು, ಬಿಚ್ಚಿಟ್ಟ ಒಂದೊಂದು ಬೋಲ್ಟನ್ನೂ ಕಣ್ಣಲ್ಲೇ ಎಣಿಸುತ್ತಿದ್ದಾನೆ. ಒಲೆಯ ಪಕ್ಕ ಅವನ ತಂದೆ, ಎಂಬತ್ತೆರಡರ ವಿಲ್ಯೊ, ಕಾಫಿ ಲೋಟ ಹಿಡಿದು ಕೂತಿದ್ದಾರೆ.

ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪನ್ನು ಇರ್ಯಾ ಅಕ್ಟೋಬರಿನಲ್ಲಿ ಬದಲಾಯಿಸಿದ್ದರು. ಜನವರಿಯಲ್ಲಿ ಅದು ಕೆಟ್ಟು ನಿಂತಿದೆ. ಹಳೆಯದನ್ನೇ ತೊಳೆದು ಹಾಕಿದ್ದಾಳೆಂದು ಓಸ್ಮೊ ಪೆಟ್ರೋಲ್ ಬಂಕಿನ ಕಾಫಿ ಮೇಜಿನಲ್ಲಿ ಹೇಳಿಯೂ ಆಗಿದೆ. ಆ ಮೇಜಿಗೆ ಕೂರುವ ಹದಿನಾಲ್ಕು ಲಾರಿಗಳವರಿಂದಲೇ ಈ ಷೆಡ್ಡು ನಡೆಯುವುದು. ಈ ವಾರ ಅವರಲ್ಲಿ ಇಬ್ಬರು ಪೇಟೆಯ ಗ್ಯಾರೇಜಿನ ದಾರಿ ಹಿಡಿದಿದ್ದಾರೆ.

ಇರ್ಯಾಗೆ ಐವತ್ತೆಂಟು. ಗಂಡ ತೀರಿಕೊಂಡ ವರ್ಷ ಸ್ಪ್ಯಾನರು ಹಿಡಿದವರು. ಇಪ್ಪತ್ತೆರಡು ಚಳಿಗಾಲ ಕಳೆದಿದೆ. ಹೆಂಗಸಿಗೆ ಎಂಜಿನ್ ಏನು ಗೊತ್ತು ಎಂದು ಮೊದಮೊದಲು ಗಾಡಿ ಬಿಟ್ಟವರು ಬಾಗಿಲಲ್ಲೇ ಕಾದು ನಿಲ್ಲುತ್ತಿದ್ದರು. ಆಗ ಶುರುವಾದದ್ದು ಗೋಡೆಗಿರುವ ಈ ಉದ್ದನೆಯ ಕಪಾಟು. ಕಳಚಿದ ಭಾಗ ಯಾವುದೇ ಇರಲಿ, ಪೆಟ್ಟಿಗೆಯಲ್ಲಿಟ್ಟು, ಭಾಗದ ಸಂಖ್ಯೆಯನ್ನೂ ಮಾಲೀಕನ ಹೆಸರನ್ನೂ ಅವನ ಕೈಯಲ್ಲೇ ಸೀಮೆಸುಣ್ಣದಿಂದ ಬರೆಸುತ್ತಾರೆ.

“ಎಲ್ಲರೂ ಅರ್ಧ ಡಾಕ್ಟರೇ,” ಎನ್ನುತ್ತಾರೆ ಇರ್ಯಾ. “ಬಿಳಿ ಹೊಗೆ ಕಂಡ್ರೆ ಎಂಜಿನ್ ಹೋಯ್ತು ಅಂತಾರೆ. ಕಪ್ಪು ಹೊಗೆ ಬಂದ್ರೆ ಗಾಡೀಲಿ ದಮ್ಮಿದೆ ಅಂತ ಹಿಗ್ತಾರೆ. ಒಂದು ಗಂಟೆ ನಿಂತಲ್ಲೇ ಎಂಜಿನ್ ಓಡಿಸಿದ್ರೆ ಬೆಚ್ಚಗಾಗತ್ತೆ ಅಂತಾರೆ. ಆಗೋದು ಮಸಿ ಮಾತ್ರ.”

ಮಾತಿಗೆ ನಿಲ್ಲದೆ ಕಪಾಟಿನಿಂದ ಅಕ್ಟೋಬರಿನ ಪೆಟ್ಟಿಗೆ ಇಳಿಸಿ ಓಸ್ಮೊನ ಮುಂದಿಡುತ್ತಾರೆ. “ಬರೆದಿರೋದು ಯಾರ ಕೈ ಕಣಯ್ಯ?”

“ನಂದೇ.”

“ಹಳೇ ಪಂಪು ಇಲ್ಲಿದೆ. ಗಾಡೀಲಿರೋದರ ಸಂಖ್ಯೆ ನೀನೇ ಓದು.”

ಓಸ್ಮೊ ಎರಡು ಸಲ ಓದುತ್ತಾನೆ. ಸಂಖ್ಯೆ ಬೇರೆ. ಆದರೂ ಮುಖ ಸಡಿಲವಾಗುವುದಿಲ್ಲ. “ಹಂಗಾದ್ರೆ ಹೊಸದೇ ಕಳಪೆ ತಂದಿದೀಯ.”

ಈಗ ಅನುಮಾನ ಇರ್ಯಾ ಕಣ್ಣಿಗೆ ಬರುತ್ತದೆ. ಫಿಲ್ಟರಿನ ಬಟ್ಟಲು ಬಿಚ್ಚಿ ದೀಪಕ್ಕೆ ಹಿಡಿಯುತ್ತಾರೆ. ತಳದಲ್ಲಿ ಮೀನಿನ ಹುರುಪೆಯಂತೆ ಮಿನುಗುವ ಲೋಹದ ಪುಡಿ. ಡೀಸೆಲ್ಲನ್ನು ಬೆರಳುಗಳ ನಡುವೆ ತಿಕ್ಕಿ, ಮೂಸಿ, ಓಸ್ಮೊನನ್ನು ದಿಟ್ಟಿಸುತ್ತಾರೆ.

“ಇದ್ರಲ್ಲಿ ಸೀಮೆಎಣ್ಣೆ ಇದೆ. ಹಾಕಿದ್ದು ಯಾರು?”

“ನನ್ನ ಮೇಲೇ ಹಾಕ್ತೀಯಾ? ಚಳಿಗಾಲದ ಡೀಸೆಲ್ಲನ್ನೇ ತುಂಬಿಸ್ತೀನಿ. ಸೀಮೆಎಣ್ಣೆ ಬೆರೆಸೋಕೆ ನಾನೇನು ನಮ್ಮಪ್ಪನ ಕಾಲದೋನಾ?”

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಓಸ್ಮೊನಿಗೇ ಹೊಳೆಯುತ್ತದೆ. ಇಬ್ಬರೂ ಒಲೆಯ ಕಡೆ ತಿರುಗುತ್ತಾರೆ.

ವಿಲ್ಯೊ ಲೋಟ ಕೆಳಗಿಡುತ್ತಾರೆ. “ಚಳಿ ಮೂವತ್ತು ದಾಟಿದ ದಿನ ಮಾತ್ರ, ಡೀಸೆಲ್ ಹೆಪ್ಪುಗಟ್ಟಬಾರದು ಅಂತ. ಇವನು ಏಳೋಕೆ ಮುಂಚೆ ಎರಡು ಕ್ಯಾನು, ಜಾರುಬಂಡೀಲಿಟ್ಟು ನೂಕ್ಕೊಂಡು ಹೋಗಿ ಹಾಕ್ತಿದ್ದೆ. ನನ್ನ ಗಾಡಿಗೆ ನಲವತ್ತು ವರ್ಷ ಹಾಕಿದೀನಿ. ಒಂದು ದಿನ ದಾರೀಲಿ ನಿಂತಿಲ್ಲ. ಇವನೂ ನಿಲ್ಲಬಾರದಲ್ಲ.”

“ನಿಮ್ಮ ಗಾಡಿ ಪಂಪಿಗೆ ಎಂಜಿನ್ ಆಯಿಲ್ ಇತ್ತು ಅಜ್ಜ,” ಇರ್ಯಾ ದನಿ ತಗ್ಗಿಸಿ ಹೇಳುತ್ತಾರೆ. “ಇದಕ್ಕೆ ಡೀಸೆಲ್ಲೇ ಜಿಡ್ಡು. ಕಾರಿನ ಚಕ್ರದಲ್ಲಿರೋ ಗಾಳಿ ಒತ್ತಡದ ಸಾವಿರ ಪಟ್ಟು ಇದರೊಳಗಿರತ್ತೆ. ಜಿಡ್ಡು ತೆಳುವಾದ್ರೆ ಕಬ್ಬಿಣ ಕಬ್ಬಿಣವನ್ನೇ ತಿನ್ನತ್ತೆ.”

ಓಸ್ಮೊ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾನೆ. “ಏನು ಮಾಡ್ಲಿ ಈಗ?”

“ನನ್ನ ಹತ್ರ ಏನೂ ಹೇಳ್ಬೇಡ. ಎಲ್ಲಿ ಹೇಳಿದ್ಯೋ ಅಲ್ಲೇ ಹೇಳು. ಇರ್ಯಾ ಹಾಕಿದ್ದು ಹೊಸ ಪಂಪೇ ಆಗಿತ್ತು, ಅಷ್ಟು ಸಾಕು.”

“ಅಪ್ಪನ ಹೆಸರು?”

“ಅದು ನಾನು ಕೇಳಿಲ್ಲ.”

ಹತ್ತು ಗಂಟೆಗೆ ಬೆಳಕು ಹರಿಯುವಾಗ ಕೆಟ್ಟ ಪಂಪು ಪೆಟ್ಟಿಗೆ ಸೇರುತ್ತದೆ. ಟ್ಯಾಂಕನ್ನೂ ಕೊಳವೆಗಳನ್ನೂ ತೊಳೆದು ಹೊಸದನ್ನು ಕೂರಿಸಲು ಇನ್ನೂ ಎರಡು ದಿನ ಬೇಕು. ಓಸ್ಮೊ ಸಂಖ್ಯೆ ಬರೆದು, ಮತ್ತೊಮ್ಮೆ ತಾಳೆ ನೋಡುತ್ತಾನೆ. ಇರ್ಯಾ ಅದಕ್ಕೆ ಬೇಸರಪಡುವುದಿಲ್ಲ. “ನೋಡ್ಲಿ. ನೋಡ್ಲಿ ಅಂತಾನೇ ಅಲ್ವಾ ಇಟ್ಟಿರೋದು.”

ಅವನು ಹೆಸರು ಬರೆಯುವ ಮೊದಲೇ ಒಲೆಯ ಬಳಿಯಿಂದ ವಿಲ್ಯೊ ಎದ್ದು ಬಂದು ಕೈಚಾಚುತ್ತಾರೆ. “ಇಲ್ಲಿ ಕೊಡು. ಹಾಳು ಮಾಡಿದೋನು ನಾನು.”

ಅವರು ತಮ್ಮ ಹೆಸರು ಬರೆದ ಅಕ್ಷರಗಳು ದಪ್ಪಗಿವೆ, ಬಾಗಿಲಿಂದಲೇ ಓದಲು ಬರುವಷ್ಟು. ಇರ್ಯಾ ಪೆಟ್ಟಿಗೆಯನ್ನು ಎತ್ತಿ, ಬಂದವರ ಕಣ್ಣಿಗೆ ಮೊದಲು ಬೀಳುವ ಮೇಲಿನ ಸಾಲಿನತ್ತ ಒಯ್ಯುತ್ತಾರೆ. ಒಂದು ಗಳಿಗೆ ಅಲ್ಲಿ ನಿಂತು, ಅದನ್ನು ಇಳಿಸಿ, ಕೆಳಗಿನ ಸಾಲಿನಲ್ಲಿ ಉಳಿದವುಗಳ ಜೊತೆಗೇ ಇಡುತ್ತಾರೆ.

“ಕೇಳಿದೋರಿಗೆ ತೋರಿಸ್ತೀನಿ,” ಎನ್ನುತ್ತಾರೆ. “ಕೇಳದೆ ನಂಬೋರೂ ಒಂದಿಬ್ಬರು ಬಂದ್ರೆ ಚೆನ್ನಾಗಿರತ್ತೆ.”