ಸೀಗೆಪುಡಿಯ ಶಿರೀನ್ ಮತ್ತು ನೊರೆ ಬಂದ ಸಾರು

ಕಡೂರಿನ ಹಿಟ್ಟಿನ ಗಿರಣಿಯಲ್ಲಿ ಬೆಳಕು ಹರಿಯುವ ಮುನ್ನ ಬಸವರಾಜಪ್ಪ ಸೀನತೊಡಗಿದರೆಂದರೆ, ಶಿರೀನ್ ತಾಜ್ ಬಂದಿದ್ದಾರೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ದುಪಟ್ಟಾವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, ಮೂಲೆಯ ಖಾರದ ಮಿಷನ್ನಿಗೆ ಅವರು ಸೀಗೆಕಾಯಿ ಸುರಿಯುತ್ತಾರೆ. ಅದರ ಹಿಂದೆಯೇ ಅಂಟುವಾಳದ ಸಿಪ್ಪೆ, ಮೆಂತ್ಯ, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ. ರಾಗಿ ಬೀಸಿಸುವವರು ಬರುವಷ್ಟರಲ್ಲಿ ಎಲ್ಲ ಮುಗಿದು, ಮಿಷನ್ನು ಒರೆಸಿ, ನೆಲ ಗುಡಿಸಿ ಆಗಿರಬೇಕು. ಸೀಗೆಯ ಧೂಳು ಹಾರಿ ಬಿದ್ದರೆ ಮುದ್ದೆ ಕಹಿಯಾಗುತ್ತದೆ ಎಂದು ಜಗಳಕ್ಕೆ ಬರುವವರಿದ್ದಾರೆ.

"ಗಿರಣಿಗೆ ಕಳ್ಳ ನುಗ್ಗಿದ್ರೂ ನಂಗೆ ಎಚ್ಚರ ಆಗಲ್ಲ. ಈಯಮ್ಮ ಬಂದ್ರೆ ಮೂಗೇ ಎಬ್ಬಿಸ್ಬಿಡ್ತದೆ" ಎಂದು ಬಸವರಾಜಪ್ಪ ದೂರುತ್ತಾರೆ. ದೂರುತ್ತಲೇ ಚೀಲದ ಬಾಯಿ ಹಿಡಿದು ಸಹಾಯ ಮಾಡುತ್ತಾರೆ. ಶಿರೀನ್ ಉತ್ತರಿಸುವ ಹೊತ್ತಿಗೆ ಅವರಿಗೂ ಸೀನು ಬಂದಿರುತ್ತದೆ. ಪುಡಿ ಮಾಡಿದ ದಿನ ಅವರ ಮೂಗು ಸಂಜೆಯವರೆಗೂ ಕಟ್ಟಿಕೊಂಡೇ ಇರುತ್ತದೆ. ಮಲ್ಲಿಗೆಯಾದರೂ ಒಂದೇ, ಮೀನಾದರೂ ಒಂದೇ. ಈ ಮೂಗಿನ ವಿಷಯ ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಶಿರೀನ್ ಮೊದಲಿನಿಂದ ಸೀಗೆಯವರೇನಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಅವರದೊಂದು ಫ್ಯಾನ್ಸಿ ಸ್ಟೋರ್ ಇತ್ತು. ಬಳೆ, ರಿಬ್ಬನ್, ಮುಖಕ್ಕೆ ಹಚ್ಚುವ ಕ್ರೀಮು, ಬಾಗಿಲ ತುಂಬ ತೋರಣದ ಹಾಗೆ ಜೋತುಬಿದ್ದ ಶಾಂಪೂ ಪ್ಯಾಕೆಟ್ಟು. ಒಂದು ಮಳೆಗಾಲ ಅಂಗಡಿಯ ಮುಂದಿನ ಚರಂಡಿ ಕಟ್ಟಿಕೊಂಡು ನೀರು ಮೆಟ್ಟಿಲು ಹತ್ತಿತು. ಪೌರಕಾರ್ಮಿಕರಾದ ಓಬಮ್ಮ ಬಂದು ಉದ್ದನೆಯ ಕೋಲು ಹಾಕಿ ಕೆದಕಿದರೆ ಬಂದದ್ದೆಲ್ಲ ಖಾಲಿ ಶಾಂಪೂ ಪ್ಯಾಕೆಟ್ಟುಗಳು. ಓಬಮ್ಮ ಅವನ್ನು ಗಾಡಿಗೆ ತುಂಬಲಿಲ್ಲ. ಬಾಚಿ ತಂದು ಅಂಗಡಿಯ ಮೆಟ್ಟಿಲ ಮೇಲೆ ಗುಡ್ಡೆ ಹಾಕಿದರು.

"ನಿನ್ ಮಾಲು ವಾಪಸ್ ಬಂದೈತೆ, ಎಣಿಸ್ಕೊ ಅಂದ್ಬಿಟ್ಲು ಕಣ್ರೀ" ಎಂದು ಶಿರೀನ್ ಈಗ ನಗುತ್ತಾರೆ. ಆವತ್ತು ನಗು ಬಂದಿರಲಿಲ್ಲ. ನಾಚಿಕೆಯಾಗಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ತೋರಣ ಕಿತ್ತರು. ಅವರ ಅಜ್ಜಿ ಮನೆಮಂದಿಗೆಲ್ಲ ಸೀಗೆ ಕುಟ್ಟುತ್ತಿದ್ದ ಅಳತೆ ಕೈಗೆ ನೆನಪಿತ್ತು. ಗಂಡ ನಜೀರ್ ಅಹಮದ್, "ಜನ ಬಿಟ್ಟ ಸಾಮಾನನ್ನ ಮತ್ತೆ ಹಿಡ್ಕೊಂಡು ಬತ್ತೀಯಲ್ಲ" ಎಂದು ತಲೆ ಚಚ್ಚಿಕೊಂಡರು. ಆದರೂ ತರೀಕೆರೆ ಸಂತೆಯಿಂದ ಮೊದಲ ಸೀಗೆ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದವರು ಅವರೇ.

ಹೊಸ ವ್ಯಾಪಾರಕ್ಕೆ ಶಿರೀನ್ ಒಂದೇ ಕಟ್ಟುನಿಟ್ಟು ಇಟ್ಟರು: ಪ್ಲಾಸ್ಟಿಕ್ ಕವರಿಲ್ಲ, ಬೇಕಾದವರು ಪುಡಿ ತುಂಬಿಸಿಕೊಳ್ಳಲು ತಮ್ಮದೇ ಡಬ್ಬಿ ಕೊಡಬೇಕು. ಬಸ್ಸಿನಲ್ಲಿ ಊರೂರಿಗೆ ಪುಡಿ ಹೊತ್ತು ಹೋದರೆ ಅಜ್ಜಂಪುರದ ಕಡೆ ಜನ ಮೂಗು ಮುರಿದರು. ಯಗಟಿಯಲ್ಲಿ ಪುಡಿ ಕೊಂಡವರೂ ನೊರೆ ಬರುವುದಿಲ್ಲವೆಂದು ತಿಕ್ಕಿ ತಿಕ್ಕಿ ಸುಸ್ತಾದರು. ವ್ಯಾಪಾರ ನಿಂತೇಹೋಗುತ್ತಿತ್ತು, ಸಖರಾಯಪಟ್ಟಣದ ದಾಕ್ಷಾಯಣಮ್ಮ ಕೈಹಿಡಿಯದಿದ್ದರೆ. ಅವರದು ತೆಂಗಿನ ತೋಟದ ದೊಡ್ಡ ಮನೆ. ಆ ಮನೆಯ ಬಚ್ಚಲಿಗೆ ಏನು ಹೋಗುತ್ತದೋ ಬೀದಿಯ ಬಚ್ಚಲುಗಳಿಗೂ ಅದೇ. ಅವರು ಡಬ್ಬಿ ಕೊಟ್ಟ ಮೇಲೆ ಬೀದಿಯೆಲ್ಲ ಡಬ್ಬಿ ಕೊಟ್ಟಿತು. ಅವರು ಬೇಡವೆಂದರೆ ಬೀದಿಗೂ ಬೇಡ, ಶಿರೀನ್ ಮತ್ತೆ ಶಾಂಪೂ ತೋರಣ ಕಟ್ಟಬೇಕು. ಹಾಗಂತ ದಾಕ್ಷಾಯಣಮ್ಮ ಹೊಗಳಿದವರಲ್ಲ. ಡಬ್ಬಿ ಇಸಿದುಕೊಳ್ಳುವಾಗಲೆಲ್ಲ ಒಂದೇ ಮಾತು: "ಎಲ್ಲಾ ಸರಿ ಕಣೇ ಶಿರೀನಾ, ನೊರೆ ಒಂದ್ ಬರಲ್ಲ."

ಈ ಡಬ್ಬಿಗಳದ್ದೇ ಒಂದು ಕಥೆ. ನಮ್ಮ ಕಡೆ ಮದುವೆಗೆ ಸ್ಟೀಲ್ ಪಾತ್ರೆ ಉಡುಗೊರೆ ಕೊಡುವವರು ಅದರ ಮೇಲೆ ತಮ್ಮ ಹೆಸರು ಕೊರೆಸುತ್ತಾರೆ, ಕೊಟ್ಟದ್ದನ್ನು ಯಾರೂ ಮರೆಯದಿರಲಿ ಎಂದು. ದಾಕ್ಷಾಯಣಮ್ಮನವರ ಸೊಸೆ ಯಶೋದಾಳ ಮದುವೆಯಲ್ಲಿ ಸೋದರಮಾವ ಕಾಂತರಾಜ್ ಒಂದೇ ಅಚ್ಚಿನ ಡಬ್ಬಿಗಳ ಜೋಡಿ ಕೊಟ್ಟಿದ್ದರು. ಎರಡರ ಮೇಲೂ 'ಕಾಂತರಾಜ್, ಯಗಟಿ' ಎಂದೇ ಇದೆ. ಒಂದು ಸೀಗೆಗೆ ಬಂತು. "ಹೆಂಗೂ ಗಿರಣಿಗೆ ಹೋಗ್ತೀಯಲ್ಲ" ಎಂದು ಒಂದು ಸಲ ದಾಕ್ಷಾಯಣಮ್ಮ ಇನ್ನೊಂದರಲ್ಲಿ ಹುರಿದ ಧನಿಯ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ ತುಂಬಿ ಕೊಟ್ಟರು, ಸಾರಿನ ಪುಡಿ ಮಾಡಿಸಿಕೊಂಡು ಬಾ ಎಂದು.

ಶಿರೀನ್ ಎರಡನ್ನೂ ಮಾಡಿಸಿದರು. ಮೂಗು ಕಟ್ಟಿತ್ತು. ಸಖರಾಯಪಟ್ಟಣದಲ್ಲಿ ವಾಪಸ್ ಬಸ್ಸು ಹೊರಟು ನಿಂತಿತ್ತು. ಮನೆಬಾಗಿಲಲ್ಲಿ ನಿಂತೇ ಡಬ್ಬಿಗಳನ್ನು ಯಶೋದಾಳ ಕೈಗಿತ್ತು, ಇದು ಅಡುಗೆಮನೆಗೆ, ಇದು ಬಚ್ಚಲಿಗೆ ಎಂದು ಹೇಳಿ ಬಂದರು. ಹೇಳಿದ್ದು ಅದಲುಬದಲಾಗಿತ್ತು.

ಮಾರನೆಯ ದಿನ ಆ ಮನೆಗೆ ಮಠದ ಸ್ವಾಮಿಗಳು ಪೂಜೆ, ಪ್ರಸಾದಕ್ಕೆ ಬರುವವರಿದ್ದರು. ಅಂಥ ದಿನ ಸಾರು ಮಾಡುವವರು ಯಜಮಾನ ಸೋಮಶೇಖರಪ್ಪನವರೇ; ತಮ್ಮ ಕೈರುಚಿ ಯಾರಿಗೂ ಇಲ್ಲವೆಂಬ ನಂಬಿಕೆ ಅವರಿಗುಂಟು. ಆದರೆ ಅವರು ನಶ್ಯ ಏರಿಸುವವರು, ಮೂಗಿನಿಂದ ಉಪಯೋಗವಿಲ್ಲ. ಹುಣಸೆ ರಸ ಕುದಿಯುವಾಗ ಧಾರಾಳವಾಗಿ ಪುಡಿ ಹಾಕಿ ತಿರುವಿದರು. ಸಾರು ಉಬ್ಬಿತು. ಸೌಟಿನಿಂದ ತಳ್ಳಿದಷ್ಟೂ ನೊರೆ. ಉಕ್ಕಿ ಪಾತ್ರೆಯ ಮೈಮೇಲೆಲ್ಲ ಇಳಿದು ಒಲೆ ಆರಿಸಿತು. ಅದೇ ಹೊತ್ತಿಗೆ ಬಚ್ಚಲುಮನೆಯ ಅರೆಗತ್ತಲಲ್ಲಿ ತಲೆಗೆ ಪುಡಿ ತಿಕ್ಕಿಕೊಳ್ಳುತ್ತಿದ್ದ ಯಶೋದಾ ಕೂಗಿದ ಕೂಗಿಗೆ ತೋಟದ ಆಳುಗಳು ಕೆಲಸ ಬಿಟ್ಟು ಓಡಿಬಂದರು.

ಸೋಮಶೇಖರಪ್ಪ ಸೋಲೊಪ್ಪುವವರಲ್ಲ. ನೊರೆ ತೆಗೆದು, ಒಗ್ಗರಣೆ ಕೊಟ್ಟು ಬಡಿಸಿಯೇಬಿಟ್ಟರು. ಸ್ವಾಮಿಗಳು ನಾಲಗೆಗೆ ಒಂದು ಹನಿ ಸೋಕಿಸಿದರು. ಆಮೇಲೆ, "ಮಜ್ಜಿಗೆ ಇದ್ರೆ ತನ್ನಿ" ಎಂದರು.

ಮಧ್ಯಾಹ್ನ ಯಶೋದಾ ಫೋನು ಮಾಡಿದಳು. "ಶಿರೀನಕ್ಕಾ, ಕಣ್ಣು ಈಗ ಬಿಡ್ತಾ ಇದೀನಿ. ತಲೆ ಒಗ್ಗರಣೆ ವಾಸ್ನೆ ಬತ್ತಾ ಐತೆ. ಸ್ವಾಮಿಗಳ ಸಾರಿಗೆ ಸೀಗೆ ಬಿದ್ದು ಅತ್ತೆ ಮಾತೇ ಆಡ್ತಿಲ್ಲ."

ಶಿರೀನ್‌ಗೆ ಆ ವಾರ ಸಖರಾಯಪಟ್ಟಣದ ಬಸ್ಸು ಹತ್ತಲು ಧೈರ್ಯ ಬರಲಿಲ್ಲ. "ವ್ಯಾಪಾರ ಹೋದ್ರೆ ಹೋಗ್ಲಿ ಅನ್ಕೊಂಡೆ. ಸ್ವಾಮಿಗಳ ಎಲೆಗೆ ಸೀಗೆ ಬಡಿಸಿಬಿಟ್ನಲ್ಲ, ಯಾವ್ ಮುಖ ಇಟ್ಕೊಂಡು ಹೋಗ್ಲಿ" ಎನ್ನುವಾಗ ಈಗಲೂ ಅವರ ದನಿ ಸಣ್ಣದಾಗುತ್ತದೆ. ಆದರೂ ಮುಂದಿನ ವಾರ ಹೋದರು. ತಪ್ಪುಕಾಣಿಕೆಯೆಂದು ತೆಂಗಿನೆಣ್ಣೆಗೆ ಭೃಂಗರಾಜ ಹಾಕಿ ಕಾಯಿಸಿ, ಯಶೋದಾಳ ತಲೆಗೆಂದು ಒಂದು ಗಾಜಿನ ಬಾಟಲಿ ತುಂಬ ಒಯ್ದರು. ಸಖರಾಯಪಟ್ಟಣದಲ್ಲಿ ಬಸ್ಸಿಳಿದರೆ, ಯಾವಾಗಲೂ ಡಬ್ಬಿ ಹಿಡಿದು ನಿಂತಿರುತ್ತಿದ್ದ ಹೆಂಗಸರು ಯಾರೂ ಹೊರಗಿಲ್ಲ. ಎಲ್ಲರೂ ದಾಕ್ಷಾಯಣಮ್ಮನವರ ಜಗಲಿಯ ಮೇಲೆ ಸೇರಿದ್ದರು. ನಡುವೆ ಆ ಸಾರಿನ ಹಿತ್ತಾಳೆ ಪಾತ್ರೆ ಕುಳಿತಿತ್ತು. ವರ್ಷಗಟ್ಟಲೆ ಮಸಿ ಹಿಡಿದು ಕಪ್ಪಾಗಿದ್ದದ್ದು, ಹುಣಸೆ ಮತ್ತು ಸೀಗೆಯಲ್ಲಿ ಮಿಂದು ಬಂಗಾರದ ಹಾಗೆ ಹೊಳೆಯುತ್ತಿತ್ತು.

ಶಿರೀನ್ ಬಾಯಿ ತೆರೆಯುವ ಮೊದಲೇ ದಾಕ್ಷಾಯಣಮ್ಮ ಹೇಳಿದರು: "ನೊರೆ ಬರಲ್ಲ ಅಂತಿದ್ನಲ್ಲ, ಬಂತು ಕಣೇ. ಒಲೆ ತುಂಬಾ ಬಂತು." ಹಾಗೆಂದು ದಾಕ್ಷಾಯಣಮ್ಮನವರೇ ಮೊದಲು ನಕ್ಕರು, ಹಿಂದೆಯೇ ಜಗಲಿಯೆಲ್ಲ ನಕ್ಕಿತು. ಒಳಗಿನಿಂದ ಸೋಮಶೇಖರಪ್ಪ, "ರುಚಿ ಅಷ್ಟೇನ್ ಕೆಟ್ಟಿರ್ಲಿಲ್ಲ" ಎಂದದ್ದೂ ಕೇಳಿಸಿತು. ಅಂದಿನಿಂದ ಪಾತ್ರೆ ಬೆಳಗಲೂ ಆ ಬೀದಿ ಶಿರೀನ್ ಪುಡಿಯನ್ನೇ ಕೊಳ್ಳುತ್ತಿದೆ.

ಆದರೆ ಶಿರೀನ್ ಹೇಳಿಕೊಂಡು ಸಂತೋಷಪಡುವುದು ಅದನ್ನಲ್ಲ. ಇನ್ನೆಂದೂ ಅದಲುಬದಲಾಗದಿರಲಿ ಎಂದು ದಾಕ್ಷಾಯಣಮ್ಮ ಸೀಗೆಗೆಂದೇ ಒಂದು ಹೊಸ ಡಬ್ಬಿ ತಂದರು. ಅದರ ಮೇಲೆ, ಬಂಧುಗಳ ಹೆಸರು ಕೊರೆಸುವ ಜಾಗದಲ್ಲಿ, 'ಶಿರೀನ್ ತಾಜ್, ಕಡೂರು' ಎಂದು ಕೊರೆಸಿದ್ದಾರೆ. ಇವತ್ತು ಗಿರಣಿಯಲ್ಲಿ ಆ ಡಬ್ಬಿಯೂ ಇದೆ. ಶಿರೀನ್ ಅದಕ್ಕೆ ಎಲ್ಲಕ್ಕಿಂತ ಕೊನೆಗೆ ಪುಡಿ ತುಂಬುತ್ತಾರೆ, ಮುಚ್ಚಳ ಹಾಕಿ ದುಪಟ್ಟಾದ ಅಂಚಿನಿಂದ ಹೆಸರನ್ನು ಒರೆಸುತ್ತಾರೆ.

"ಅವ್ರ ಮನೆ ಮದ್ವೆಗೆ ನಾನೊಂದು ಲೋಟಾನೂ ಕೊಟ್ಟೋಳಲ್ಲ. ಆದ್ರೂ ನೆಂಟರ ಸಾಲಲ್ಲಿ ನನ್ ಹೆಸ್ರು ಐತೆ ಕಣ್ರೀ" ಎಂದು ಹೇಳಿ, ಸೀನಿ, ಮೂಗೊರೆಸಿಕೊಂಡು ಮುಂದುವರಿಸುತ್ತಾರೆ: "ಆ ಹೆಸ್ರು ಬಚ್ಚಲುಮನೇಲಿ ಹಿಂಗೇ ಇದ್ರೆ ಸಾಕು. ಒಲೆ ಹತ್ರ ಮಾತ್ರ ಹೋಗದು ಬ್ಯಾಡ."